ನೊಣದ ಕಣ್ಣಿನೊಳಗಿನ ಮೂರು ಒಗಟು

"ಕೇಳ್ರಪ್ಪೋ ಕೇಳಿ! ಕದಳೀಪುರದ ದೊರೆ ಧರಣಿಪಾಲರ ಅಪ್ಪಣೆ! ರಾಜಕುಮಾರಿ ಮಾಣಿಕಾಂಬೆ ಹಾಕುವ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಇಲ್ಲವೇ ಅವನು ಬಾಯಿಬಿಟ್ಟು ಕೇಳಿದ ಏನಾದರೂ ಒಂದು! ಬಿಡಿಸಲಾರದವನ ತಲೆ ಹೋಗುವುದು, ಕೇಳ್ರಪ್ಪೋ!"

ಡಂಗುರದವನು ಬಾಳೆಮಂಡಿಯ ಮುಂದೆ ಹೀಗೆ ಕೂಗಿದಾಗ ಅರಮನೆಗೆ ಹಣ್ಣು ಹೊರುವ ಚಿಕ್ಕೀರ ಕೊಳೆತ ಬಾಳೆಹಣ್ಣನ್ನು ಬುಟ್ಟಿಗೆ ತುಂಬುತ್ತಿದ್ದ. ಅರಮನೆಯಲ್ಲಿ ಒಳ್ಳೆಯ ಹಣ್ಣು ಅಡುಗೆಮನೆಗೆ, ಕೊಳೆತದ್ದು ರಾಜಕುಮಾರಿಗೆ. ನಗಬೇಡಿ, ಆ ಹುಡುಗಿಗೆ ಹಣ್ಣಿನ ನೊಣ ಸಾಕುವ ಹುಚ್ಚು. ಗಡಿಗೆಯಲ್ಲಿ ಹಣ್ಣು ಕಿವುಚಿಟ್ಟು, ನೊಣದ ಹುಳು ಗೂಡು ಕಟ್ಟಿ, ಅದರೊಳಗೆ ಕಣ್ಣು ರೆಕ್ಕೆ ಮೂಡುವುದನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಕೂತರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ. ಮದುವೆಯಂತೂ ಬೇಡವೇ ಬೇಡ. ಒಗಟು ಹಾಕಿದ್ದೂ ಯಾರೂ ಹತ್ತಿರ ಸುಳಿಯದಿರಲಿ ಎಂದೇ. ತಲೆಯ ಮಾತು ಮಾತ್ರ ಅಪ್ಪ ಸೇರಿಸಿದ್ದು.

ಆದರೂ ಬಂದರಲ್ಲ ಪುಣ್ಯಾತ್ಮರು! ಸೇನಾಪತಿಯ ಮಗ, ಮುತ್ತಿನ ವ್ಯಾಪಾರಿ, ಪಕ್ಕದ ಸೀಮೆಯ ಯುವರಾಜ, ಮೂವರೂ ಮೀಸೆಗೆ ಎಣ್ಣೆ ಹಚ್ಚಿಕೊಂಡೇ ಬಂದರು.

"ಗೂಡಿನೊಳಗೆ ಒಂದು ಊರು ಎದ್ದೇಳುತ್ತಿದೆ," ಎಂದಳು ಮಾಣಿಕಾಂಬೆ. "'ಬೆಳೆಯಿರಿ' ಅನ್ನುವ ಓಲೆ ಹಿಡಿದು ಓಲೆಕಾರ ಮನೆಮನೆಗೆ ಹೊರಟಿದ್ದಾನೆ. ಒಬ್ಬ ಇದ್ದಾನೆ, ಅವನು ಓಲೆಕಾರನನ್ನು ಹೊಡೆಯುವುದಿಲ್ಲ, ಮನೆ ಬಾಗಿಲು ಮುಟ್ಟುವುದಿಲ್ಲ. ಆದರೂ ಓಲೆ ಮನೆ ಸೇರುವುದಿಲ್ಲ. ಹೇಗೆ?"

"ಓಲೆಕಾರನ ಕಾಲು ಮುರೀತಾನೆ," ಎಂದ ಸೇನಾಪತಿಯ ಮಗ. "ಬಾಗಿಲಿಗೆ ಬೀಗ ಜಡೀತಾನೆ," ಎಂದ ವ್ಯಾಪಾರಿ. ಯುವರಾಜ ಬಹಳ ಯೋಚಿಸಿ, "ಮನೆಯವರನ್ನೆಲ್ಲ ಊರು ಬಿಡಿಸ್ತಾನೆ," ಎಂದ. ಮೂರೂ ತಪ್ಪು. ಮರುದಿನ ಬೆಳಗ್ಗೆಗೆ ಮೂವರ ತಲೆಗೂ ಮುಹೂರ್ತವಾಯಿತು.

ಚಿಕ್ಕೀರ ಬುಟ್ಟಿ ಹೊತ್ತು ಬಂದಾಗ ರಾಜಕುಮಾರಿಯ ಕಣ್ಣು ಕೆಂಪಾಗಿತ್ತು.

"ಅಪ್ಪ ಆಡಿದ ಮಾತು ಹಿಂದಕ್ಕೆ ತಗೊಳ್ಳಲ್ಲ, ಚಿಕ್ಕೀರ. ತಗೊಳ್ಳೋದು ಹೇಗೆ ಅಂತ ಅವರಿಗೆ ಯಾರೂ ಕಲಿಸಿಲ್ಲ."

"ಗೆದ್ದವನು ಏನು ಕೇಳಿದ್ರೂ ಕೊಡ್ತಾರಾ, ಅಮ್ಮಣ್ಣಿ?"

"ಕೊಡಲೇಬೇಕು. ಅದೂ ಆಡಿದ ಮಾತೇ."

ಚಿಕ್ಕೀರ ಬುಟ್ಟಿ ಕೆಳಗಿಟ್ಟು ನೆಟ್ಟಗೆ ಆಸ್ಥಾನಕ್ಕೆ ನಡೆದ. ಯಾರೋ ಹೋಗಿ ಹೇಳಿರಬೇಕು, ಅವನ ತಾಯಿ ಹೊನ್ನವ್ವ ಅರ್ಧ ಕಲಸಿದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಮೊದಲನೇ ಒಗಟು ಕೇಳಿ ಚಿಕ್ಕೀರನಿಗೆ ನಗು ಬಂತು. "ಬುದ್ಧೀ, ನಾನು ಸೀಬೆಹಣ್ಣು ಕದ್ದಾಗ ತೋಟದ ಕಾವಲುಗಾರ ನಮ್ಮಪ್ಪನ ಹತ್ರ ದೂರು ತರ್ತಿದ್ದ. ನಮ್ಮವ್ವ ಬೀದಿ ತಿರುವಿನಲ್ಲೇ, 'ಅಯ್ಯೋ ಅಣ್ಣಾ, ಎಷ್ಟು ದಿನ ಆಯ್ತು ನೋಡಿ!' ಅಂತ ಹಿಡ್ಕೊಂಡು ಮಾತಿಗೆ ಕೂರಿಸ್ಕೊಳ್ಳೋಳು. ದೂರು ಮನೆ ಸೇರ್ತಾನೇ ಇರಲಿಲ್ಲ. ಇವನೂ ಹಂಗೇ, ಓಲೆಕಾರನನ್ನ ದಾರೀಲೇ ತಬ್ಬಿಕೊಳ್ತಾನೆ."

ಮಾಣಿಕಾಂಬೆ ಬೆರಗಾಗಿ ನೋಡಿದಳು. "ಸರಿ. ಓಲೆ ಬಾಗಿಲಿಗೆ ಬಂತು ಅಂದುಕೋ. ಬಾಗಿಲಲ್ಲಿ ಅಕ್ಕತಂಗಿ ಇಬ್ಬರಿದ್ದಾರೆ. ಅವರು ಪರಸ್ಪರ ಕೈಹಿಡಿದರೆ ಮಾತ್ರ ಸುದ್ದಿ ಒಳಗೆ ಹೋಗುತ್ತದೆ. ಮೂರನೆಯವಳೊಬ್ಬಳು ಜಗಳವಿಲ್ಲದೆ ಅದನ್ನು ತಪ್ಪಿಸುತ್ತಾಳೆ. ಹೇಗೆ?"

"ಕೈಕೈ ಹಿಡಿದು ಗಿರ್ರನೆ ತಿರುಗೋ ಆಟ ನೀವು ಆಡಿಲ್ವೇ, ಅಮ್ಮಣ್ಣಿ? ತಿರುಗೋಕೆ ಬಾರದವಳು ಬಂದು ಅಕ್ಕನ ಎರಡೂ ಕೈ ಹಿಡ್ಕೊಂಡು ಸುಮ್ಮನೆ ನಿಂತರೆ ಆಯ್ತು. ತಂಗಿಗೆ ಹಿಡಿಯೋಕೆ ಕೈಯೆಲ್ಲಿ?"

ಸಭೆಯಲ್ಲಿ ಚಪ್ಪಾಳೆ ಬಿತ್ತು. ದೊರೆ ಮುಂದಕ್ಕೆ ಬಾಗಿ ಕೂತರು.

"ಮೂರನೆಯದು," ಎಂದಳು ಮಾಣಿಕಾಂಬೆ. ಅವನು ಸೋಲಬಾರದೆಂದು ಅವಳಿಗೇ ಅನ್ನಿಸತೊಡಗಿತ್ತು. "ಓಲೆ ಒಳಗೆ ಹೋಯಿತು. 'ಬೆಳೆ' ಅನ್ನುವ ಆ ಓಲೆಯ ಹೊಟ್ಟೆಯಲ್ಲೇ ಇನ್ನೊಂದು ಮಾತು ಹುಟ್ಟಿ, ಹೆತ್ತ ಓಲೆಯನ್ನೇ ತಡೆಯುತ್ತದೆ. ಒಮ್ಮೆ ಹೇಳಿದರೆ ಬೆಳೆಸುತ್ತಾರೆ, ಇನ್ನೊಮ್ಮೆ ಹೇಳಿದರೆ ನಿಲ್ಲಿಸುತ್ತಾರೆ. ಆ ಒಂದೇ ಮಾತು ಯಾವುದು?"

ಚಿಕ್ಕೀರನಿಗೆ ಏನೂ ಹೊಳೆಯಲಿಲ್ಲ. ಅವನು ತಿರುಗಿ ನೋಡಿದ. ಜನರ ನಡುವೆ ಹೊನ್ನವ್ವ ಹಿಟ್ಟಿನ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳು ಅವನನ್ನು ಹೆತ್ತವಳಲ್ಲ. ಬಾಳೆಗೊನೆಗಳ ನಡುವೆ ಯಾರೋ ಬಿಟ್ಟುಹೋದ ಕೂಸನ್ನು ಮಂಡಿಯ ಹಿರಿಯರು ಅವಳ ಮಡಿಲಿಗೆ ಹಾಕಿ, ಇದನ್ನ ನೀನೇ... ನೀನೇ ಏನು ಮಾಡು ಅಂದಿದ್ದರು? ಆಮೇಲೆ ಅದೇ ಅವ್ವ ತುತ್ತಿನ ಮೇಲೆ ತುತ್ತು ಇಡುವಾಗ, ಹೊಟ್ಟೆ ಬಿರಿಯುವ ಮುಂಚೆ ತಾನು ಕೂಗುತ್ತಿದ್ದದ್ದು ಏನು?

"ಸಾಕು!" ಎಂದು ಚಿಕ್ಕೀರ ಕಿರುಚಿದ. "ನಮ್ಮವ್ವನಿಗೆ 'ಈ ಕೂಸನ್ನ ಸಾಕು' ಅಂದ್ರು, ನಾನು ಬೆಳೆದೆ. ಉಣ್ಣುವಾಗ ನಾನೇ 'ಸಾಕು' ಅಂದೆ, ಅವ್ವನ ಕೈ ನಿಂತಿತು. ಉಂಡಿದ್ದಕ್ಕೇ ತಾನೇ ಸಾಕು ಅನ್ನೋ ಮಾತು ಹುಟ್ಟೋದು!"

ಮಾಣಿಕಾಂಬೆ ಕುಣಿದೇ ಬಿಟ್ಟಳು. ಎರಡು ನೊಣ, ಭೂತಗನ್ನಡಿ ತಂದು ಅಪ್ಪನ ಕೈಗಿಟ್ಟಳು. "ನೋಡಿ ಅಪ್ಪಾಜಿ, ಈ ನೊಣದ ಕಣ್ಣು ಜೇನುಹುಟ್ಟಿನ ಹಾಗೆ ಸಾಲುಸಾಲಾಗಿದೆ. 'ಬೆಳೆ' ಅನ್ನುವ ಓಲೆ ಎಷ್ಟು ಬೇಕೋ ಅಷ್ಟಕ್ಕೆ ನಿಂತಿತು, ಅದಕ್ಕೆ. ಇನ್ನೊಂದು ನೋಡಿ, ದಾರಿಯಲ್ಲಿ ತಬ್ಬಿಕೊಳ್ಳುವವನು ಹುಟ್ಟದೇ ಹೋದ ನೊಣ ಇದು. ಓಲೆ ಬೇಡದ ಮನೆಗೂ ಹೋಗಿ, ಕಣ್ಣೆಲ್ಲ ಗಂಟುಗಂಟು. ನಿಲ್ಲಿಸುವವರಿಲ್ಲದ ಅಪ್ಪಣೆಯಿಂದ ಹೀಗಾಗುತ್ತದೆ."

ದೊರೆ ಎರಡೂ ನೊಣವನ್ನು ಮತ್ತೆ ಮತ್ತೆ ನೋಡಿದರು. "ಏನು ಬೇಕು ಕೇಳಪ್ಪಾ," ಎಂದರು ಚಿಕ್ಕೀರನಿಗೆ.

"ನೀವೂ ಒಂದ್ಸಲ ಆ ಮಾತು ಅನ್ನಬೇಕು, ಬುದ್ಧೀ. ಆ ಮೂವರ ತಲೆ ಉಳೀಲಿ."

ದೊರೆಗೆ ಬೆವರಿಳಿಯಿತು. ಬಾಯಿ ತೆರೆದರು, ಮುಚ್ಚಿದರು, ಕಿರೀಟ ಸರಿಮಾಡಿಕೊಂಡರು. ಕೊನೆಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಕಿತ್ತವರ ಹಾಗೆ, "ಸಾ... ಸಾಕು!" ಎಂದರು. ಸೆರೆಮನೆಯ ಬಾಗಿಲು ತೆರೆಯಿತು. ಮೂವರೂ ಹಿಂತಿರುಗಿ ನೋಡದೆ ಓಡಿದರು.

"ಇವನು ನನ್ನ ಕೈ ಕೇಳಲೇ ಇಲ್ಲವಲ್ಲ," ಎಂದಳು ಮಾಣಿಕಾಂಬೆ. "ಹಾಗಾದರೆ ನಾನೇ ಇವನ ಕೈ ಕೇಳುತ್ತೇನೆ." ಚಿಕ್ಕೀರನ ಮುಖ ಕೆಂಪೇರಿತು. ಅವನು ಬೇಡ ಅನ್ನಲಿಲ್ಲ.

ಮದುವೆಯ ಊಟಕ್ಕೆ ಹೊನ್ನವ್ವನೇ ಹೋಳಿಗೆ ಬಡಿಸಿದಳು. ದೊರೆಗೆ ಈಗ ಆ ಮಾತು ನಾಲಿಗೆ ತುದಿಯಲ್ಲೇ ಇತ್ತು. ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು ತಾಯಿ, ಸಾಕು!" ಎಂದರು.

"ನಾನು ಸಾಕಿದವಳೇ ಅಲ್ಲವೇ, ಬುದ್ಧೀ?" ಎಂದು ಹೊನ್ನವ್ವ ಅವರ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕಿಯೇ ಬಿಟ್ಟಳು.