ಅಂಬಿಗನ ಕಠಾರಿಗೆ ಚಿನ್ನದ ಸಿಂಹ

ಜಾವಾ ದ್ವೀಪದ ಒಂದು ಹೊಳೆದಂಡೆಯಲ್ಲಿ, ಕಠಾರಿ ಮಾಡುವ ಸುರೊ ಎಂಬ ಗುರುಗಳ ಕುಲುಮೆಯಿತ್ತು. ಅವರಿಗಿದ್ದದ್ದು ಒಬ್ಬನೇ ಶಿಷ್ಯ, ತಿರ್ತೊ.

ಆ ಸೀಮೆಯ ಒಡೆಯ ತನ್ನ ಮನೆತನದ ಹಳೇ ಕಠಾರಿ ಕಳಿಸಿದ. ಅಲಗಿನ ಬುಡದಲ್ಲಿ ಚಿನ್ನದ ಸಿಂಹ ಕೂರಿಸಬೇಕಂತೆ.

ಆ ನಾಡಿನಲ್ಲಿ ಸಿಂಹ ಕೂರಿಸುವುದು ಯುದ್ಧ ಗೆದ್ದವರ ಕಠಾರಿಗೆ ಮಾತ್ರ. ಒಡೆಯನ ಮುತ್ತಜ್ಜನೋ ಅಂಬಿಗ. ನೆರೆ ಬಂದಾಗ ಊರಿಗೆ ಊರನ್ನೇ ದಾಟಿಸಿದ್ದಕ್ಕೆ ಜನ ಪ್ರೀತಿಯಿಂದ ಕೊಟ್ಟ ಬೋಳು ಕಠಾರಿ ಅದು. ಮರಿಮಗನಿಗೆ ಅದನ್ನು ಸೊಂಟಕ್ಕೆ ಸಿಕ್ಕಿಸಲು ನಾಚಿಕೆ.

ಗುರುಗಳು ಹೂಂ ಅನ್ನಲಿಲ್ಲ. ಒಡೆಯ ಸಿಟ್ಟಾದಾನೆಂದು ತಿರ್ತೊನಿಗೆ ಭಯ. ಅವರು ಸ್ನಾನಕ್ಕೆ ಹೋದಾಗ ಉಳಿ ಹಿಡಿದು, ಚಿನ್ನ ತುಂಬಲೆಂದು ಅರ್ಧ ಸಿಂಹ ಕೊರೆದೇಬಿಟ್ಟ.

ಗುರುಗಳು ಬಂದು ನೋಡಿದರು. ಬೈಯಲಿಲ್ಲ. ನಿಂಬೆರಸದ ಬಟ್ಟಲು ಮುಂದಿಟ್ಟು, "ತೊಳಿ" ಎಂದರು.

ತೊಳೆದಂತೆಲ್ಲ ಅಲಗಿನ ಮೇಲೆ ಬೆಳ್ಳನೆ ಗೆರೆಗಳೆದ್ದವು. ಯಾರೋ ಹಳಬ ಎರಡು ಲೋಹ ಮಡಚಿ ಮಡಚಿ ಬಡಿದು ತಂದ ಗೆರೆಗಳು. ಸಿಂಹದ ಹೊಟ್ಟೆಯ ಹತ್ತಿರ ಅವೆಲ್ಲ ತುಂಡಾಗಿದ್ದವು.

"ಇದನ್ನು ಸಿಂಹಕ್ಕೆಂದೇ ಬಡಿದಿದ್ದರೆ ಹೇಗಿರುತ್ತಿತ್ತು?" ಎಂದರು ಗುರುಗಳು.

"ಅಲ್ಲಿ ಲೋಹ ದಪ್ಪ ಬಿಟ್ಟಿರುತ್ತಿದ್ದರು ಗುರುಗಳೇ. ಗೆರೆ ಕಡಿಯುತ್ತಿರಲಿಲ್ಲ." ತಿರ್ತೊ ತಲೆ ತಗ್ಗಿಸಿದ. ತನ್ನ ಕೈಯ ಮೇಲೆ ತನಗೇ ಅಸಹ್ಯವಾಯಿತು.

ಅಷ್ಟರಲ್ಲಿ ಒಡೆಯನ ಅಧಿಕಾರಿ ಆಳುಗಳೊಂದಿಗೆ ಬಂದ. "ಕೆಲಸ ಶುರುವಾಗಿದೆಯಲ್ಲ. ನಾಳೆಗೆ ಚಿನ್ನ ತುಂಬಿ. ಇಲ್ಲದಿದ್ದರೆ ಈ ಕುಲುಮೆ ಇರುವುದಿಲ್ಲ."

ಗುರುಗಳು ಶಿಷ್ಯನತ್ತ ನೋಡಿದರು. "ಕೊರೆದವನು ಇವನು. ಇವನನ್ನೇ ಕೇಳಿ."

ತಿರ್ತೊನ ಇಪ್ಪತ್ತು ವರ್ಷದ ಬದುಕು ಇದೇ ಕುಲುಮೆಯದು, ಬೇರೆ ಮನೆಯಿಲ್ಲ.

"ತುಂಬುವುದಿಲ್ಲ," ಎಂದ.

"ಏನಂದೆ?"

"ಕೊರೆದದ್ದು ನನ್ನ ತಪ್ಪು. ಅದರ ಮೇಲೆ ಸುಳ್ಳು ತುಂಬುವುದಿಲ್ಲ. ನಿಮ್ಮ ಒಡೆಯರ ಮುತ್ತಜ್ಜ ಯಾರನ್ನೂ ಕೊಲ್ಲಲಿಲ್ಲ, ಬದುಕಿಸಿದರು. ಹೋಗಿ ಹೇಳಿ."

ಅಧಿಕಾರಿ ಕಠಾರಿ ಕಿತ್ತುಕೊಂಡ. ಆಳುಗಳು ಕೊಡಗಟ್ಟಲೆ ನೀರು ತಂದು ಒಲೆಗೆ ಸುರಿದು, ಕಲ್ಲುಗಳನ್ನು ಕೆಡವಿ ಹೋದರು.

ಹೊಗೆಯ ನಡುವೆ ತಿರ್ತೊ ಕುಸಿದು ಕೂತ. "ನನ್ನ ಒಂದು ಮಾತಿಗೆ ನಿಮ್ಮ ಕುಲುಮೆಯೇ ಹೋಯಿತಲ್ಲ, ಗುರುಗಳೇ."

ಗುರುಗಳು ಇಕ್ಕಳ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, ಗಾಳಿಯೂದುವ ತಿದಿಯತ್ತ ಕೈ ತೋರಿಸಿದರು.

"ನಿನ್ನೆಯವರೆಗೆ ಇಲ್ಲಿ 'ಆಗುವುದಿಲ್ಲ' ಅನ್ನಲು ಬರುತ್ತಿದ್ದವನು ನಾನೊಬ್ಬನೇ. ತಿದಿ ಎತ್ತಿಕೊ, ಆಚೆ ದಡದಲ್ಲಿ ಕುಲುಮೆ ಹೂಡೋಣ."