ಪಾಳು ಗಣಿಯ ಚರಿತ್ರೆ ಹೇಳಿದ ನರಿ

ಒಂದು ಕಾಡಿನಲ್ಲಿ ಎಂದು ಶುರು ಮಾಡೋಣವೆಂದರೆ ಅಲ್ಲಿ ಮರಗಳೇ ಇರಲಿಲ್ಲ. ಇದ್ದದ್ದು ನಾಲ್ಕು ಜಾಲಿಗಿಡ, ಕಣ್ಣು ಹಾಯಿಸಿದಷ್ಟೂ ಮರಳು. ಮರಳುಗಾಡೂ ಒಂದು ಕಾಡೇ ಅಂದುಕೊಳ್ಳಿ. ಅಲ್ಲಿ ಒಂದೇ ಒಂದು ಒರತೆ ಇತ್ತು. ನೀರು ಸ್ವಲ್ಪಸ್ವಲ್ಪವೇ ಜಿನುಗುತ್ತಿತ್ತು. ಅದಕ್ಕೇ ಪ್ರಾಣಿಗಳು ಪಾಳಿ ಮಾಡಿಕೊಂಡಿದ್ದವು. ಒಬ್ಬರು ಕುಡಿದ ಮೇಲೆ ಇನ್ನೊಬ್ಬರು. ಜಗಳವಿಲ್ಲ, ತಂಟೆಯಿಲ್ಲ.

ಒರತೆಯ ಪಕ್ಕದ ಗುಡ್ಡದಲ್ಲಿ ಒಂದು ಚಿನ್ನದ ಗಣಿ ಇತ್ತು. ಗಣಿ ಎಂದ ಕೂಡಲೇ ಬಾಯಿ ಬಿಡಬೇಡಿ. ಹಿಂದೆ ಮೂವರು ಮನುಷ್ಯರು ಬಂದು, ಒಂದು ವರ್ಷ ತೋಡಿ, ಬಿಟ್ಟುಹೋದ ಗುಂಡಿ ಅದು. ಹೋಗುವಾಗ ತುಕ್ಕು ಹಿಡಿದ ಬಾಂಡ್ಲಿ, ಅಂಚು ಮುರಿದ ಮೊರ, ಒಂದು ಮುದಿ ಕತ್ತೆ, ಇಷ್ಟನ್ನೂ ಅಲ್ಲೇ ಬಿಟ್ಟಿದ್ದರು. ಆ ಕತ್ತೆಯನ್ನು ಎಲ್ಲರೂ ಅಜ್ಜಿ ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಒಂದು ದಿನ ಎಲ್ಲಿಂದಲೋ ಒಂದು ನರಿ ಬಂತು. ಗುಂಡಿಯೊಳಗೆ ಇಣುಕಿತು. ಗೋಡೆಯ ತುಂಬ ಕಾಗೆಬಂಗಾರ ಪಳಪಳ ಹೊಳೆಯುತ್ತಿತ್ತು. ಅದು ಹೆಸರಿಗಷ್ಟೇ ಬಂಗಾರ. ಮುಟ್ಟಿದರೆ ಪುಡಿಯಾಗುವ ಕಲ್ಲಿನ ಪದರ. ನರಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಅದನ್ನು ಕೆರೆದು ಬಾಗಿಲಲ್ಲಿ ಗುಡ್ಡೆ ಹಾಕಿತು. ಮರುದಿನದಿಂದ ಗಣಿಯ ಚರಿತ್ರೆ ಹೇಳಲು ಕೂತಿತು.

ಅಬ್ಬಬ್ಬಾ, ಅದೆಂಥ ಚರಿತ್ರೆ! ಸೋಮವಾರ ಗಣಿ ಒಬ್ಬ ಪಾಳೆಯಗಾರನದಾಗಿತ್ತು. ಗುರುವಾರದ ಹೊತ್ತಿಗೆ ಚಕ್ರವರ್ತಿಯದಾಯಿತು. ಮುಂದಿನ ವಾರ ಸಾವಿರ ಆನೆಗಳು ಚಿನ್ನ ಹೊತ್ತವು. ಪ್ರತಿ ಮಾತಿಗೂ ಓತಿಕ್ಯಾತ ತಲೆಯಾಡಿಸುತ್ತಿತ್ತು. ಅದು ಸುಮ್ಮನೆ ಬಿಸಿಲಿಗೆ ಕೂತರೂ ತಲೆಯಾಡಿಸುತ್ತದೆ. ಆದರೂ ಎಲ್ಲರೂ ಅದನ್ನೇ ಸಾಕ್ಷಿ ಎಂದುಕೊಂಡರು.

"ಆನೆ ಎಲ್ಲಿತ್ತಪ್ಪಾ?" ಎಂದಳು ಅಜ್ಜಿ. "ಹೊತ್ತವಳು ನಾನೊಬ್ಬಳೇ. ವರ್ಷವಿಡೀ ತೋಡಿ ಸಿಕ್ಕ ಚಿನ್ನ ಒಂದು ಮೂಗುಬೊಟ್ಟಿಗೂ ಸಾಲುತ್ತಿರಲಿಲ್ಲ."

ನರಿ ನಕ್ಕಿತು. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!"

ಎಲ್ಲ ಪ್ರಾಣಿಗಳೂ ಹೋ ಎಂದು ನಕ್ಕವು. ಹೊತ್ತವರ ಮಾತಿಗಿಂತ ಹೇಳುವವರ ಮಾತಿಗೇ ಬೆಲೆ ಜಾಸ್ತಿ, ಏನು ಮಾಡೋಣ ಹೇಳಿ.

ಆಮೇಲೆ ನರಿ ಮೆಲ್ಲಗೆ ವ್ಯಾಪಾರಕ್ಕೆ ಇಳಿಯಿತು. ಒರತೆಯ ಪಾಳಿ ಬಿಟ್ಟುಕೊಟ್ಟವರಿಗೆ ಗಣಿಯಲ್ಲಿ ಪಾಲು! ಮೊಲ ಕೊಟ್ಟಿತು. ಮುಳ್ಳುಹಂದಿ ಕೊಟ್ಟಿತು. ಮೂರು ಮರಿಗಳ ತಾಯಿ ಗೌಜಲಹಕ್ಕಿ ಮಾತ್ರ ಹಿಂದುಮುಂದು ನೋಡಿತು.

"ಅಣ್ಣಾ, ನನ್ನ ಮಕ್ಕಳಿಗೆ ನೀರು?"

"ಅಯ್ಯೋ ಹುಚ್ಚಿ, ನಾಳೆ ಚಿನ್ನದ ಬಟ್ಟಲಲ್ಲೇ ಕುಡಿಸುವೆಯಂತೆ. ಗಾಳಿ ಬಂದಾಗ ತೂರಿಕೋಬೇಕಮ್ಮಾ!"

ಪಾಪ, ಅದೂ ಕೊಟ್ಟುಬಿಟ್ಟಿತು. ಈಗ ಹೆಚ್ಚುಕಮ್ಮಿ ಎಲ್ಲ ಪಾಳಿಯೂ ನರಿಯದೇ. ಅದು ಒರತೆಯಲ್ಲಿ ಬಾಲ ಇಳಿಬಿಟ್ಟುಕೊಂಡು ಹಾಯಾಗಿ ಮಲಗುತ್ತಿತ್ತು. ನಾಲ್ಕನೆಯ ದಿನ ಗೌಜಲಹಕ್ಕಿಯ ಕಿರಿಯ ಮರಿ ಕೊಕ್ಕು ತೆರೆದುಕೊಂಡು ಮರಳಿನ ಮೇಲೆ ಬಿದ್ದಿತ್ತು. ಅಜ್ಜಿ ನೋಡಿದಳು. ತನ್ನ ಪಾಳಿಯ ನೀರನ್ನು ಅದಕ್ಕೆ ಕುಡಿಸಿದಳು. ಮರಿ ಕಣ್ಣು ಬಿಟ್ಟಿತು.

"ಇವತ್ತಿಗೇನೋ ಆಯಿತು. ನಾಳೆಗೆ?" ಎಂದು ತಾಯಿ ಅತ್ತಿತು.

ಮರುದಿನ ಗಣಿಯ ಬಾಗಿಲಲ್ಲೇ ನರಿಗೆ ಸನ್ಮಾನ ಇತ್ತು. ನೀರಿಲ್ಲದಿದ್ದರೂ ಸನ್ಮಾನಕ್ಕೇನು ಕಡಿಮೆ! ನರಿ ಮೀಸೆಯಿಂದ ಬಾಲದವರೆಗೆ ಜಾಲಿಯ ಅಂಟು ಬಳಿದು, ಕೂದಲು ತೀಡಿಕೊಂಡು, ಮಗುಚಿದ ಬಾಂಡ್ಲಿಯ ಮೇಲೆ ಜಂಬದಿಂದ ಕೂತಿತು. ಅಜ್ಜಿ ಮುರಿದ ಮೊರ ಕಚ್ಚಿಕೊಂಡು ಬಂದು, ಕೆಳಗಿಟ್ಟು, ತಲೆ ಬಾಗಿದಳು.

"ಸ್ವಾಮೀ, ನಾನು ನಿಮ್ಮ ಗಣಿಯ ಬಗ್ಗೆ ಹಗುರವಾಗಿ ಮಾತಾಡಿಬಿಟ್ಟೆ. ಈ ಚಿನ್ನವನ್ನು ಎಲ್ಲರೆದುರು ತೂರಲು ಅಪ್ಪಣೆ ಕೊಡಿ."

"ತೂರುವುದೇ? ಅದೇಕೆ?"

"ಚಿನ್ನ ತೊಳೆಯೋಕೆ ಇಲ್ಲಿ ನೀರೆಲ್ಲಿದೆ ಸ್ವಾಮೀ? ಆ ಮೂವರೂ ರಾಗಿ ತೂರಿದ ಹಾಗೆ ಮಣ್ಣು ತೂರುತ್ತಿದ್ದರು. ಹಗುರದ್ದು ಹಾರುತ್ತದೆ. ಚಿನ್ನ ಭಾರ, ಕಾಲ ಬುಡದಲ್ಲೇ ಬೀಳುತ್ತದೆ."

ನರಿ ಪೇಚಿಗೆ ಸಿಕ್ಕಿತು. ಬೇಡ ಎಂದರೆ ಮಾನ ಹೋಗುತ್ತದೆ. ಅಷ್ಟರಲ್ಲಿ ಗೌಜಲಹಕ್ಕಿ ಹೇಳಿತು: "ತೂರಲಿ ಬಿಡಿ ಅಣ್ಣಾ. ಗಾಳಿ ಬಂದಾಗ ತೂರಿಕೋ ಅಂದವರು ನೀವೇ ಅಲ್ಲವೇ?"

ಓತಿಕ್ಯಾತ ಇದಕ್ಕೂ ತಲೆಯಾಡಿಸಿತು.

ಮಧ್ಯಾಹ್ನದ ಗಾಳಿ ಬೀಸಿತು. ಅಜ್ಜಿ ಗುಡ್ಡೆಯಿಂದ ಮೊರ ತುಂಬಿಕೊಂಡು ಕಚ್ಚಿ ಎತ್ತಿ ಮೆಲ್ಲಗೆ ವಾಲಿಸಿದಳು. ಒಂದು ಸಲ, ಎರಡು ಸಲ, ಗುಡ್ಡೆ ಮುಗಿಯುವವರೆಗೂ ತೂರಿದಳು. ಕೆಳಗೆ ಬಿದ್ದದ್ದು ನಾಲ್ಕು ಬೆಣಚುಕಲ್ಲು. ಉಳಿದದ್ದೆಲ್ಲ ಸುಂಯ್ಯೆಂದು ಹಾರಿ ಎದುರಿಗೇ ಕೂತಿದ್ದ ನರಿಯ ಮೈಗೆ ಮೆತ್ತಿಕೊಂಡಿತು. ಅಂಟು ಬಿಡುತ್ತದೆಯೇ? ಮೀಸೆ, ಕಿವಿ, ಬಾಲ ಎಲ್ಲ ಥಳಥಳ!

ಯಾರೂ ನಗಲಿಲ್ಲ. ಎಲ್ಲರಿಗೂ ತಮ್ಮ ಮೇಲೇ ನಾಚಿಕೆಯಾಗಿತ್ತು. ಗೌಜಲಹಕ್ಕಿ ಮರಿಗಳನ್ನು ಕರೆದುಕೊಂಡು ನೆಟ್ಟಗೆ ಒರತೆಗೆ ಓಡಿತು. ಹಿಂದೆಯೇ ಉಳಿದವರೂ ಹೋಗಿ ಹಳೆಯ ಪಾಳಿಯಂತೆ ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ ಅಜ್ಜಿಯನ್ನು ನಿಲ್ಲಿಸಿದರು.

ಅಂದಿನಿಂದ ನರಿಗೆ ಬೇಟೆಯೇ ಸಿಗಲಿಲ್ಲ. ಎಲ್ಲಿ ಬಚ್ಚಿಟ್ಟುಕೊಂಡರೂ ಮೈ ಮಿನುಗುತ್ತಿತ್ತು. "ಚಿನ್ನದ ನರಿ ಬಂತು!" ಎಂದು ಇಲಿಗಳು ದೂರದಿಂದಲೇ ಕಂಡು ಬಿಲ ಸೇರುತ್ತಿದ್ದವು. ಹಸಿದು ಸೊರಗಿದ ನರಿ ಒರತೆಗೆ ಬಂದು ಬೇಡಿತು: "ಮೈ ತೊಳೆದುಕೊಳ್ಳೋಕೆ ಒಂದು ಪಾಳಿ ನೀರು ಕೊಡಿ. ನಿಮ್ಮ ಕಾಲಿಗೆ ಬೀಳುತ್ತೇನೆ."

ಗೌಜಲಹಕ್ಕಿ ಹೇಳಿತು: "ಕುಡಿಯೋಕೆ ಬೇಕಾದರೆ ಎಲ್ಲರ ಕೊನೆಗೆ ಬಾ, ಇಲ್ಲ ಅನ್ನುವುದಿಲ್ಲ. ತೊಳೆದುಕೊಳ್ಳೋಕೆ ಯಾಕಣ್ಣಾ? ಗಣಿಯಲ್ಲಿ ನಿನಗೆ ಬರಬೇಕಾದ ಪಾಲು ಅದೇ ಅಲ್ಲವೇ?"

ಈಗಲೂ ಯಾರಾದರೂ ಗಣಿಯ ಚರಿತ್ರೆ ಕೇಳಿದರೆ ಅಜ್ಜಿಯ ಹತ್ತಿರ ಕಳಿಸುತ್ತಾರೆ. ಅವಳು ಮೇವು ಅಗಿಯುತ್ತಲೇ ಹೇಳಿ ಮುಗಿಸುತ್ತಾಳೆ: "ತೋಡಿದರು. ಸಿಗಲಿಲ್ಲ. ಹೋದರು."

ನೀತಿ: ಹೊಳೆಯುವ ಮಾತು ನಂಬಿ ಕುಡಿಯುವ ನೀರನ್ನು ಬಿಟ್ಟುಕೊಡಬಾರದು, ಬಣ್ಣ ಕಟ್ಟಿ ಹೇಳುವವರನ್ನಲ್ಲ, ಭಾರ ಹೊತ್ತವರನ್ನು ಕೇಳಬೇಕು.