ತೆರೆದೇ ಉಳಿದ ಕಮಾನು

ಕುರಿಮಾಂಸದ ಪರಾತಗಳನ್ನು ಮುಂದಿಟ್ಟರೂ ಒಬ್ಬ ಕಲ್ಲುಕುಟಿಗನೂ ಕೈ ಚಾಚಲಿಲ್ಲ.

ಯೆರೂಸಲೇಮಿನ ಕೋಟೆಯ ಹೊರಗೆ ಇಂಗ್ಲಿಷರ ಆಂಗ್ಲಿಕನ್ ಕ್ರೈಸ್ತ ಸಭೆಯ ದೊಡ್ಡ ದೇವಾಲಯ, ಕೆಥೆಡ್ರಲ್, ಏಳುತ್ತಿದ್ದ ಕಾಲವದು. ಕಟ್ಟಡದ ಹೊಣೆ ಹೊತ್ತಿದ್ದ ಪೂಜ್ಯ ಆಲ್ಡ್ರೆಡ್ ಗುರುಗಳು ಸುಣ್ಣದ ಚೀಲಗಳನ್ನಿಡುವ ತಗಡಿನ ಕೊಟ್ಟಿಗೆಯಲ್ಲೇ ವಾಸವಾಗಿದ್ದರು. ಅಂದು ವೇದಿಕೆಯ ಮೇಲಿನ ಕಮಾನು ಛಾವಣಿಗೆ ಕೊನೆಯ ಕಲ್ಲು ಇಡಬೇಕಿತ್ತು. ಆ ನಾಡಿನಲ್ಲಿ ಕಮಾನು ಮುಚ್ಚುವ ದಿನ ಕಟ್ಟಿಸುವವರು ಕೆಲಸದವರಿಗೆ ಕುರಿ ಕೊಯ್ದು ಬಡಿಸಬೇಕು. ಆ ಊಟವಾಗದೆ ಯಾರೂ ಕೊನೆಯ ಕಲ್ಲು ಇಡುವುದಿಲ್ಲ.

ಗುರುಗಳು ಪದ್ಧತಿ ತಪ್ಪಲಿಲ್ಲ. ದಿನ ತಪ್ಪಿದರು. ಅವರ ಉಪವಾಸ, ಈಸ್ಟರ್ ಹಬ್ಬ ಎರಡೂ ಮುಗಿದಿದ್ದವು. ಕಲ್ಲುಕುಟಿಗರು ಪೂರ್ವದ ಸಭೆಯವರು, ಹಳೆಯ ಪಂಚಾಂಗದವರು. ಅವರ ಈಸ್ಟರಿಗೆ ಇನ್ನೂ ವಾರಗಳಿದ್ದವು. ಅಲ್ಲಿಯವರೆಗೆ ಅವರಿಗೆ ಉಪವಾಸ, ಮಾಂಸ ಮುಟ್ಟುವಂತಿಲ್ಲ.

"ಮೂಗಿಗೂ ಉಪವಾಸವೇನೋ, ಬಿಶಾರಾ?" ಎಂದ ಒಬ್ಬ ಮುದುಕ.

"ಮುಚ್ಚಿಕೊಂಡು ಕೂರು, ಚಿಕ್ಕಪ್ಪ," ಎಂದ ಬಿಶಾರಾ. ಅವನು ಮೇಸ್ತ್ರಿ. ಬೇತ್ ಜಾಲಾ ಊರಿನವನು. ಗುರುಗಳ ಕಡೆ ತಿರುಗಿದ. ಅಲ್ಲಿನವರು ಪಾದ್ರಿಗಳನ್ನು ಅಬೂನಾ, ಅಂದರೆ ನಮ್ಮ ತಂದೆ, ಎನ್ನುತ್ತಾರೆ. "ಗೊತ್ತಿದ್ದೇ ಮಾಡಿದಿರಿ, ಅಬೂನಾ. ಇವತ್ತು ನಮ್ಮ ಉಪವಾಸ ಮುರಿಸುತ್ತೀರಿ, ನಾಳೆ ನಿಮ್ಮ ಸಭೆಗೆ ಎಳೆಯುತ್ತೀರಿ. ಈ ಕಮಾನು ಬೇರೆಯವರ ಕೈಯಲ್ಲಿ ಮುಚ್ಚಿಸಿಕೊಳ್ಳಿ."

ಅವನ ಜೀವಮಾನದ ಕೆಲಸವೆಂದರೆ ಆ ಕಮಾನು. ಹೇಳುವಾಗ ತಲೆಯೆತ್ತಿ ಅದನ್ನು ನೋಡಲಿಲ್ಲ.

"ತಪ್ಪು ನನ್ನದು," ಎಂದರು ಗುರುಗಳು. ಮಾಂಸವನ್ನೆಲ್ಲ ಕೋಟೆಬಾಗಿಲಿನ ಬಡವರಿಗೆ ಕಳಿಸಿದರು. ಕಲ್ಲುಕುಟಿಗರು ಹೊರಟುಹೋದರು.

ಕಟ್ಟಡದ ಎಂಜಿನಿಯರ್ ಸಿಡುಕಿದ. "ಬೇರೆ ಮೇಸ್ತ್ರಿ ಇದ್ದಾನೆ. ನಾಳೆಯೇ ಮುಚ್ಚುತ್ತಾನೆ. ಪ್ರತಿಷ್ಠೆಗೆ ಬಿಷಪ್ಪರು ಬರುವ ದಿನ ಗೊತ್ತಾಗಿದೆ."

"ಕಟ್ಟಿದವನೇ ಮುಚ್ಚಲಿ. ಅವನ ಹಬ್ಬ ಬರಲಿ," ಎಂದರು ಗುರುಗಳು.

"ಅಲ್ಲಿಯವರೆಗೆ ದೇವಾಲಯ ಬಾಯಿ ತೆರೆದುಕೊಂಡೇ ಇರಬೇಕೇ?"

"ಇರಲಿ. ಆಕಾಶ ಕಾಣುತ್ತದೆ."

ಬಿಷಪ್ಪರಿಗೆ ಗುರುಗಳೇ ಹೋಗಿ ಹೇಳಿದರು. ಬೈಸಿಕೊಂಡು ಬಂದರು. ಪ್ರತಿಷ್ಠೆ ಮುಂದೆ ಹೋಯಿತು.

ಕೆಲವು ದಿನ ಕಳೆದು ಬಿಶಾರಾ ತನ್ನ ಉಳಿ, ಸುತ್ತಿಗೆ ಒಯ್ಯಲು ಬಂದ. ಕಮಾನು ಹಾಗೆಯೇ ತೆರೆದಿತ್ತು. ಬೇರೆ ಕೈ ಬಿದ್ದಿರಲಿಲ್ಲ. ಕೊಟ್ಟಿಗೆಗೆ ಇಣುಕಿದ. ಗುರುಗಳು ಸುಣ್ಣದ ಚೀಲದ ಮೇಲೆ ಕುಳಿತು ಒಣರೊಟ್ಟಿಗೆ ಆಲಿವ್ ಕಾಯಿ ನೆಂಚಿಕೊಳ್ಳುತ್ತಿದ್ದರು. ಮೊದಲೇ ತೆಳ್ಳಗಿನವರು, ಈಗ ಕೊರಳೆಲುಬು ಎದ್ದು ಕಾಣುತ್ತಿತ್ತು.

"ನಿಮ್ಮ ಉಪವಾಸ ಮುಗಿಯಿತಲ್ಲ ಅಬೂನಾ. ಇದೇನು?"

"ಮನೆಯವರು ಹಸಿದಿರುವಾಗ ನಾನೊಬ್ಬ ಹೇಗೆ ಉಣ್ಣಲಿ?"

"ನಾವು ನಿಮ್ಮ ಮನೆಯವರಲ್ಲ."

"ನಾನು ನಿಮ್ಮ ಮನೆಯವನು."

ಬಿಶಾರಾ ಬಾಗಿಲಲ್ಲೇ ನಿಂತ. ಅಲ್ಲಿಂದಲೇ ಕೇಳಿದ: "ನಮ್ಮನ್ನು ನಿಮ್ಮ ಸಭೆಗೆ ಕರೆಯುವುದಿಲ್ಲವೇ?"

"ಇಲ್ಲ. ನಿನ್ನ ಸಭೆಗೇ ಹೋಗು. ಅಲ್ಲಿ ನನಗಾಗಿಯೂ ಒಂದು ಮೇಣದಬತ್ತಿ ಹಚ್ಚು."

ಬಿಶಾರಾ ಒಳಗೆ ಬಂದು ನೆಲದ ಮೇಲೆ ಕುಳಿತ. ಗುರುಗಳು ಉಳಿದ ರೊಟ್ಟಿ ಮುರಿದು ಅರ್ಧ ಕೊಟ್ಟರು. ಇಬ್ಬರೂ ತಿಂದರು. ಹೋಗುವಾಗ ಅವನು ಉಳಿ ಸುತ್ತಿಗೆಗಳನ್ನು ಮುಟ್ಟಲಿಲ್ಲ.

ಪೂರ್ವದವರ ಈಸ್ಟರ್ ಬಂತು. ಮರುದಿನ ಬೆಳಿಗ್ಗೆ ಬಿಶಾರಾ ತನ್ನ ಊರಿನಿಂದ ತಾನೇ ಕುರಿ ಹೊಡೆದುಕೊಂಡು ಬಂದ.

"ಬಡಿಸಬೇಕಾದವರು ನಾವು," ಎಂದರು ಗುರುಗಳು.

"ಮನೆಯವರು ಅಂದಮೇಲೆ ಯಾರು ಬಡಿಸಿದರೇನು? ಕೂರಿ ಅಬೂನಾ. ಎಲುಬು ಎಣಿಸುವ ಹಾಗಾಗಿದ್ದೀರಿ."

ಮೊದಲ ತುತ್ತನ್ನು ಅವನೇ ಗುರುಗಳ ಬಾಯಿಗಿಟ್ಟ. ಎಲ್ಲರೂ ಉಂಡರು. ಆಮೇಲೆ ಬಿಶಾರಾ ಏಣಿ ಹತ್ತಿ ಕೊನೆಯ ಕಲ್ಲು ಇಟ್ಟ.

ಅವನು ಸಾಯುವವರೆಗೂ ತನ್ನ ಸಭೆಯಲ್ಲೇ ಇದ್ದ. ಆಲ್ಡ್ರೆಡ್ ಗುರುಗಳು ಪ್ರಭುವಿನಲ್ಲಿ ನಿದ್ರೆಹೋದಾಗ ಸಮಾಧಿಯ ಬಂಡೆಯನ್ನು ಅವನೊಬ್ಬನೇ ಕಡಿದ.